ಮೇಷ್ಟ್ರ ಅರ್ಧ ಮೀಸೆ

ಮೇಷ್ಟ್ರ ಮೀಸೆ ಅರ್ಧ ಹೋದ ದಿನವೇ ಗುಟ್ಟು ರಟ್ಟಾಯಿತು. ಕ್ಷೌರದಂಗಡಿಯ ಯಜಮಾನನಿಗೆ ಇನ್ನೂ ಐವತ್ತು ತುಂಬಿಲ್ಲ. ಕತ್ತರಿ ಹಿಡಿಯುವುದರಲ್ಲಿ ಎತ್ತಿದ ಕೈ. ಅಂಥವನು, ಬರೀ ತುದಿ ಸವರೆಂದು ಕೂತವರ ಎಡಗಡೆ ಮೀಸೆಯನ್ನು ನುಣ್ಣಗೆ ಬೋಳಿಸಿ, ಮುಂದೇನೆಂದು ತೋಚದೆ ಕನ್ನಡಿ ನೋಡುತ್ತ ನಿಂತುಬಿಟ್ಟಿದ್ದ.

ಪಕ್ಕದ ಕುರ್ಚಿಯಲ್ಲಿ ಕೂದಲು ಕತ್ತರಿಸುತ್ತಿದ್ದ ಅವನ ಹೆಂಡತಿಗೆ ಜೀವ ಬಾಯಿಗೆ ಬಂತು. ಚಿಕ್ಕ ವಯಸ್ಸಿಗೇ ಬರುವ ಮರೆವಿನ ಕಾಯಿಲೆ, ಡಿಮೆನ್ಷಿಯಾ ಎಂದು ಡಾಕ್ಟರು ಹೇಳಿದ್ದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಗೊತ್ತಾದರೆ ಗಿರಾಕಿಗಳು ಇತ್ತ ಮುಖ ಹಾಕುವುದಿಲ್ಲ. ಅಂಗಡಿ ಬಿಡಿಸಿದರೆ ಈ ಮನುಷ್ಯ ಮನೆಯಲ್ಲಿ ಕೂತು ಕೂತೇ ಮಂಕಾಗುತ್ತಾನೆ. ಅದೇ ಅವಳ ಭಯ. ಜನರೋ, ಕುಡಿತ ಕಲಿತಿದ್ದಾನೆಂದು ಆಗಲೇ ಗುಸುಗುಸು ಶುರುಮಾಡಿದ್ದರು. ಅವರ ಬಾಯಿಗೆ ಬೀಗ ಹಾಕಲಾದೀತೇ!

"ಮೇಷ್ಟ್ರೇ, ಇವ್ರು ಕುಡಿದಿಲ್ಲ. ಕಾಯಿಲೆ," ಎಂದವಳೇ ಎಲ್ಲವನ್ನೂ ಹೇಳಿ ಅತ್ತುಬಿಟ್ಟಳು.

ಮೇಷ್ಟ್ರು ಕನ್ನಡಿಯಲ್ಲಿ ತಮ್ಮನ್ನೊಮ್ಮೆ ನೋಡಿಕೊಂಡರು. "ಅಳ್ಬೇಡಮ್ಮಾ. ಮೊದ್ಲು ಆ ಕಡೇದೂ ತೆಗೆದ್ಬಿಡು. ಹೀಗೇ ಹೋದ್ರೆ ನಮ್ಮನೆಯವಳು ಬಾಗಿಲೇ ತೆಗೆಯಲ್ಲ. ಆಮೇಲೆ, ಇದನ್ನ ಒಬ್ಳೇ ಹೊತ್ಕೊಂಡು ತಿರುಗ್ಬೇಡ."

ಡಾಕ್ಟರು ಹೇಳಿದ್ದ, ಇಂಥ ಕಾಯಿಲೆಯವರ ಮನೆಯವರೆಲ್ಲ ಸೇರುವ ಕೂಟಕ್ಕೆ ಆ ವಾರವೇ ಹೋದಳು. ಅಲ್ಲಿ ಬಸ್ ಓಡಿಸುತ್ತಿದ್ದವನ ಹೆಂಡತಿ ಇದ್ದಳು, ಲೆಕ್ಕದ ಟೀಚರಮ್ಮನ ಗಂಡ ಇದ್ದ. ಎಲ್ಲರದೂ ಇದೇ ಕಥೆ. ನಡುನಡುವೆ ನಗು ಬೇರೆ. ಕೂಟ ನಡೆಸುವ ನರ್ಸಮ್ಮ, "ಹರಿತವಾದದ್ದು ದೂರ ಇಡಿ. ಕೈಲಾಗೋ ಕೆಲಸ ಮಾತ್ರ ಬಿಡಿಸ್ಬೇಡಿ," ಎಂದರು.

ಬಂದವಳೇ ಕತ್ತರಿ, ಕತ್ತಿ ಎಲ್ಲ ತನ್ನ ವಶಕ್ಕೆ ತೆಗೆದುಕೊಂಡಳು. ಅವನು ಮುಖ ಊದಿಸಿಕೊಂಡ. ತಲೆ ತೊಳೆಯುವ ಕೆಲಸ ಕೊಟ್ಟ ಮೇಲೆ ಮುನಿಸು ತಾನಾಗಿ ಇಳಿಯಿತು. ನೀರಿನ ಬಿಸಿಯನ್ನು ಅವಳೇ ಹದ ಮಾಡಿಡುತ್ತಾಳೆ. ಏನೋ ಗುನುಗುತ್ತ ಅವನು ತಲೆ ತಿಕ್ಕಿದರೆ ಗಿರಾಕಿಗಳು ಅಲ್ಲೇ ತೂಕಡಿಸುತ್ತಾರೆ.

ಮೊನ್ನೆ ಮೇಷ್ಟ್ರು ಬಂದರು, ಹೊಸ ಮೀಸೆಯ ಸಮೇತ. ಅವನು ಅವರ ತಲೆ ತೊಳೆದು, ಒರೆಸಿ, ಟವೆಲ್ ಒಣಹಾಕಲು ಹಿಂದುಗಡೆ ಹೋದ. ತಿರುಗಿ ಬಂದವನ ಮುಖ ಅರಳಿತು.

"ಅರೆ ಮೇಷ್ಟ್ರೇ, ಯಾವಾಗ ಬಂದ್ರಿ? ಬನ್ನಿ ಬನ್ನಿ, ತಲೆ ತೊಳೀತೀನಿ."

ಹೆಂಡತಿ "ಈಗ್ತಾನೇ..." ಎನ್ನಲು ಹೊರಟಳು. ಮೇಷ್ಟ್ರು ಅವಳತ್ತ ಕಣ್ಣು ಮಿಟುಕಿಸಿದರು.

"ಅದಕ್ಕೇ ಬಂದೆ ಕಣಪ್ಪಾ. ನಿಧಾನವಾಗಿ ತೊಳಿ," ಎನ್ನುತ್ತ ಒದ್ದೆ ತಲೆಯನ್ನು ಮತ್ತೆ ಹಿಂದಕ್ಕೆ ಒರಗಿಸಿದರು.

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಹೋಗಿ ಇನ್ನೊಂದು ಒಣ ಟವೆಲ್ ತಂದಿಟ್ಟಳು.