ಗಂಜಿಯ ತಳ

ಸರ್ವಾಧಿಕಾರಿ ಪೋಲ್ ಪೋಟ್ ಕಾಲದ ಪಾಠ ಪುಸ್ತಕಕ್ಕೆ ಬಂದಾಗಿನಿಂದ ಥೀದಾ ಟೀಚರಿಗೆ ಊಟ ಸೇರುತ್ತಿರಲಿಲ್ಲ. ಸೇರಿದರೂ ಜೊತೆಗೆ ಕೂರಲು ಯಾರಿದ್ದರು? ಬಟ್ಟಂಬಾಂಗ್ ಕಡೆಯ ಆ ಊರಲ್ಲಿ ಶಾಲೆಯ ಹಿಂದೆ ಒಂದು ಕೋಣೆ, ಒಂದು ತಟ್ಟೆ, ಅವಳೊಬ್ಬಳು. ಟೀಚರಾದಾಗಿನಿಂದ ಅದೇ ಒಂಟಿ ಬಾಳು.

ಪಾಠ ಓದಿ ಮುಗಿಸಿಬಿಡಬಹುದಿತ್ತು. ಈ ಮಹಾತಾಯಿ ಮನೆಗೆಲಸ ಬೇರೆ ಕೊಟ್ಟಳು: "ಆಗ ಏನು ಮಾಡ್ತಿದ್ರಿ ಅಂತ ನಿಮ್ಮನೆ ಹಿರಿಯರನ್ನ ಕೇಳ್ಕೊಂಡು ಬನ್ನಿ." ತಾನಾಗಿ ಮೈಮೇಲೆ ಎಳೆದುಕೊಂಡದ್ದು, ಬಿಡಿ!

ಮರುದಿನ ಮಾಲಿಸ್ ಎದ್ದು ನಿಂತಳು. ಪ್ರಾಕ್ ತಾತನ ಮೊಮ್ಮಗಳು, ಮನೆಯಲ್ಲಿ ಅವರಿಬ್ಬರೇ. ಆ ಕಾಲದಲ್ಲಿ ಊರಿಗೆಲ್ಲ ಒಂದೇ ಅಡುಗೆಮನೆ, ಅಲ್ಲಿ ಗಂಜಿಯ ಸೌಟು ಹಿಡಿದವನು ಪ್ರಾಕ್. ಆಗದವರಿಗೆ ಮೇಲಿನ ತಿಳಿನೀರು, ಬೇಕಾದವರಿಗೆ ತಳದ ಅನ್ನ.

"ಏಯ್, ನಿನ್ ತಾತ ನಮ್ಮಜ್ಜಿಗೆ ಬರೀ ನೀರು ಹಾಕ್ತಿದ್ನಂತೆ!" ಹಿಂದಿನ ಬೆಂಚಿನಿಂದ ಒಬ್ಬಳು ಕೂಗಿದಳು.

ಮಾಲಿಸ್ ಕಣ್ಣು ತುಂಬಿತು. "ಹೌದಂತೆ. ತಾತನೇ ಒಪ್ಕೊಂಡ, ಅತ್ತುಬಿಟ್ಟ. ಟೀಚರ್, ನಮ್ ತಾತ ಕೆಟ್ಟವನಾ? ನಾನಿನ್ನು ಅವನ ಜೊತೆ ಮಾತಾಡಬಾರ್ದಾ?"

ಇಡೀ ತರಗತಿ ಟೀಚರ ಮುಖ ನೋಡಿತು. ಕೆಟ್ಟವನು ಅಂದುಬಿಟ್ಟರೆ ಮುಗಿಯಿತು. ಆ ಕಾಲದಲ್ಲಿ ಥೀದಾ ಏನು ಮಾಡಿದಳು ಅಂತ ಕೇಳುವವರು ಯಾರೂ ಇಲ್ಲ. ಇವಳ ಸಂಗತಿ ಗೊತ್ತಿದ್ದವನು ಪ್ರಾಕ್ ಒಬ್ಬನೇ, ಅವನು ಈವರೆಗೆ ಬಾಯಿಬಿಟ್ಟಿಲ್ಲ. ಆದರೆ ಈ ಹುಡುಗಿ ಮನೆಗೆ ಹೋಗಿ ಇನ್ನು ಮೂಲೆಯಲ್ಲಿ ಒಬ್ಬಳೇ ಉಣ್ಣುತ್ತಾಳೆ. ಒಬ್ಬಳೇ ಉಣ್ಣುವುದು ಅಂದರೇನು ಅಂತ ಥೀದಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನಿಮ್ ತಾತ ಮಾಡಿದ್ದು ತಪ್ಪು," ಅಂದಳು. "ನಾನು ಮಾಡಿದ್ದನ್ನೂ ಕೇಳಿ. ನಮ್ಮಣ್ಣ ವುತ್ಥಿ ಚಾಪೆ ಕೆಳಗೆ ಒಂದು ಮರಗೆಣಸು ಬಚ್ಚಿಟ್ಟಿದ್ದ. ಆಗ ಹಾಗೆ ಬಚ್ಚಿಡೋದೇ ಅಪರಾಧ. ನಾನು ಹೋಗಿ ನಿಮ್ ತಾತಂಗೆ ಹೇಳ್ದೆ. ಅವತ್ತು ನನ್ ತಟ್ಟೆಗೆ ತಳದ ಅನ್ನ ಬಿತ್ತು. ಪೋಲ್ ಪೋಟ್ ಕಡೆಯವರು ಅಣ್ಣನ್ನ ಕರ್ಕೊಂಡು ಹೋದ್ರು. ವಾಪಸ್ ಬರ್ಲಿಲ್ಲ."

ಹಿಂದಿನ ಬೆಂಚಿನವಳು ಪುಸ್ತಕ ಮುಚ್ಚಿಟ್ಟಳು. ಇನ್ನು ಈ ಮಕ್ಕಳು ತನ್ನ ಮುಖ ನೋಡಲಾರರು ಅಂದುಕೊಂಡಳು ಥೀದಾ. ಬಾಳಲ್ಲಿ ಇದ್ದ ಈ ಮಕ್ಕಳ ನಾಲ್ಕು ದನಿಗಳೂ ಕೈಬಿಟ್ಟು ಹೋದವಲ್ಲ!

ಮಾಲಿಸ್ ಮೂಗು ಒರೆಸಿಕೊಂಡಳು. "ಆಗ ನಿಮಗೆಷ್ಟು ವಯಸ್ಸು, ಟೀಚರ್?"

"ಒಂಬತ್ತು."

"ತುಂಬಾ ಹಸಿವಾಗಿತ್ತಾ?"

ಮೂವತ್ತು ವರ್ಷದಲ್ಲಿ ಇದನ್ನು ಕೇಳಿದವರು ಯಾರೂ ಇರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ಥೀದಾ ಮೇಜಿನ ಅಂಚು ಹಿಡಿದುಕೊಂಡಳು.

"ಆಗಿತ್ತು ಕಣೇ," ಅಂದಳು. "ಅಣ್ಣನಿಗೂ ಆಗಿತ್ತು."