ಗುರುಮಲ್ಲಪ್ಪನವರ ಬಲಗಾಲು

ನಮ್ಮ ಯಜಮಾನರು ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದರು. ಕಾಶ್ಮೀರದ ಕಡೆ ಒಂದು ತಿರುವಿನಲ್ಲಿ ಲಾರಿ ಮಗುಚಿ ಬಲಮಂಡಿ ಪುಡಿಯಾಯಿತು. ಡಾಕ್ಟರು ಒಳಗೆ ಕಬ್ಬಿಣದ ಸರಳು ಹಾಕಿದರು. ಕಾಲು ಉಳಿಯಿತು, ಮಡಚುವುದು ಉಳಿಯಲಿಲ್ಲ. ಲಾರಿಯಲ್ಲಿ ಇದ್ದದ್ದು ಈರುಳ್ಳಿ.

ಈ ಈರುಳ್ಳಿಯನ್ನು ಅವರು ಯಾರ ಮುಂದೆಯೂ ಮುಚ್ಚಿಡಲಿಲ್ಲ. ಆಗಸ್ಟ್ ಹದಿನೈದಕ್ಕೆ ಊರಿನ ಶಾಲೆಗೆ ಕರೆದರೆ, ಗುಂಡು ಎಲ್ಲಿಗೆ ಬಿತ್ತು ಎಂದು ಮಕ್ಕಳು ಕಾಯುತ್ತಿರುವಾಗ ಇವರು ಮೂಟೆಗಳ ಕಥೆ ಹೇಳುತ್ತಿದ್ದರು. ಒಂದು ವರ್ಷ ಹೆಡ್ ಮಾಸ್ಟರು, "ಸರ್, ಈ ಸಲ ಈರುಳ್ಳಿ ಬೇಡ" ಎಂದು ಕೈಮುಗಿದು ಕೇಳಿಕೊಂಡರು. ಇವರು ಒಪ್ಪಿದರು. ಮೈಕಿನ ಮುಂದೆ ನಿಂತು, "ಲಾರೀಲಿ ತರಕಾರಿ ಇತ್ತು ಮಕ್ಕಳೇ" ಎಂದರು.

ನನ್ನನ್ನು ನೋಡಲು ಬಂದಾಗಲೇ ಕಾಲು ಹೀಗಿತ್ತು. ಕುರ್ಚಿಯಲ್ಲಿ ಕೂತು, ಎದುರಿಗಿದ್ದ ನಮ್ಮಜ್ಜಿಯ ಮುಖಕ್ಕೆ ಸರಿಯಾಗಿ ಚಾಚಿದರು. ಎಂಥ ಅಹಂಕಾರಿ ಎಂದು ಅಜ್ಜಿ ಒಳಗೆ ಬಂದು ಬೈದಳು. ಕಾರಣ ಗೊತ್ತಾದ ಮೇಲೆ ಅತ್ತಳು. ನನಗೆ ಇವರ ಮುಖ ಹಿಡಿಸಿಬಿಟ್ಟಿತ್ತು, ಕಾಲು ಮಡಚಿದರೆಷ್ಟು ಬಿಟ್ಟರೆಷ್ಟು ಎಂದು ಹೂಂ ಅಂದೆ.

ಆಮೇಲೆ ನಮ್ಮ ಸಂಸಾರವೆಲ್ಲ ಆ ಕಾಲಿನ ಅಳತೆಗೆ ನಡೆಯಿತು. ಮಂಚವನ್ನು ಬಡಗಿಗೆ ಹೇಳಿ ಉದ್ದ ಮಾಡಿಸಿದೆವು. ಪಿರಿಯಾಪಟ್ಟಣದ ಬಸ್ಸಿನಲ್ಲಿ ಓಡಾಡುವವರೆಲ್ಲ ಒಂದಲ್ಲ ಒಂದು ದಿನ ಅದಕ್ಕೆ ಎಡವಿದವರೇ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವಾಗ ಉಳಿದವರೆಲ್ಲ ನೆಲದಲ್ಲಿ ಕೂತರೆ ಇವರು ಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಒರಗಿ ನಿಂತೇ ಕಟ್ಟುತ್ತಿದ್ದರು. ಚಳಿಗಾಲದಲ್ಲಿ ಒಳಗಿನ ಕಬ್ಬಿಣ ಕೊರೆಯುತ್ತದೆ ಎಂದು ಬೈಲಕುಪ್ಪೆಯ ಟಿಬೆಟಿಯನ್ನರ ಅಂಗಡಿಯಿಂದ ಉಣ್ಣೆಯ ಪಟ್ಟಿ ತಂದುಕೊಟ್ಟೆ. ಅದನ್ನು ಹಾಕುವಾಗ ತೆಗೆಯುವಾಗ ನಾನೇ ಬೇಕು. ಯಾರಾದರೂ ಆ ಮಂಡಿ ಮುಟ್ಟಲು ಬಂದರೆ ಮೈಯೆಲ್ಲ ಬಿಗಿಮಾಡುತ್ತಿದ್ದರು, ನನ್ನ ಕೈಗೆ ಮಾತ್ರ ಸುಮ್ಮನಿರುತ್ತಿದ್ದರು. ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಯಾರೂ ಕೊಟ್ಟಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟರು, ಹಾಗೇ ಹೊರಟುಹೋದರು. ಒಂದು ಮಾತು ಹೇಳಲಿಲ್ಲ. ಆ ಸಿಟ್ಟು ನನಗೆ ಈಗಲೂ ಇದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಚಿ ಪದ್ಮಾಸನ ಹಾಕಿಸಿ, ಗೋಡೆಗೆ ಒರಗಿಸುತ್ತೇವೆ. ಅಂಗೈಯಲ್ಲಿ ಲಿಂಗ ಇಟ್ಟು, ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಮೈ ಸೆಟೆದು ಕಾಲು ಮಡಚದಿದ್ದರೆ ಬಲವಾಗಿ ಒತ್ತುತ್ತಾರೆ. ನಮ್ಮ ಮಾವನವರಿಗೆ ಹಾಗೆ ಒತ್ತಿದಾಗ ಲಟಕ್ ಅಂದದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತ್ತು.

ಮೈದುನ ನಂಜುಂಡೇಶ ಇಬ್ಬರು ಗಟ್ಟಿ ಆಳುಗಳನ್ನು ಕರಕೊಂಡು ಒಳಗೆ ಬಂದ.

"ಅತ್ಗೆ, ನೀವು ಒಸಿ ಆಚೆ ಓಗಿ. ಕಾಲು ಮಡಸ್ಬೇಕು."

"ಅದು ಮಡಸಾಕಿಲ್ಲ. ಒಳಗೆ ಕಬ್ಬಿಣ ಅದೆ."

"ಮೂರು ಜನ ಒತ್ತುದ್ರೆ ಬತ್ತದೆ ಬುಡಿ. ಈಗ ಅಣ್ಣಂಗೆ ನೋವಾಗಾಕಿಲ್ಲ ಕಣತ್ಗೆ."

"ನಂಗಾಯ್ತದೆ."

ಇಷ್ಟು ಹೇಳಿ ನಾನು ನೆಲಕ್ಕೆ ಕೂತು, ಆ ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ತಬ್ಬಿಕೊಂಡೆ. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡತೊಡಗಿದರು. ಗಂಡ ಸತ್ತವಳು ತಲೆಯ ಹತ್ತಿರ ಕೂತು ಅಳಬೇಕು, ಕಾಲು ಹಿಡಿದು ಜಗಳಕ್ಕೆ ನಿಲ್ಲಬಾರದು.

"ಜನ ಏನಂದಾರು? ಗುರುಮಲ್ಲಪ್ಪ ಕಾಲು ಚಾಚ್ಕೊಂಡು ಶಿವನ್ ತಾವ್ಕೆ ಓದ ಅಂತಾರೆ" ಎಂದ ನಂಜುಂಡೇಶ.

"ನಿನ್ನ ಮದ್ವೇಲೂ ಚಾಚ್ಕೊಂಡೇ ಕೂತಿದ್ರು ಕಣಪ್ಪ. ಆವಾಗ ಯಾರೂ ಮುರೀನಿಲ್ಲ."

ಅಷ್ಟರಲ್ಲಿ ಕ್ರಿಯೆ ಮಾಡಿಸುವ ಅಯ್ಯನವರು ಬಂದರು. ನಂಜುಂಡೇಶ ನನ್ನ ಮೇಲೆ ಚಾಡಿ ಹೇಳಿದ. ಅವರು ಎಲ್ಲ ಕೇಳಿ, "ಪದ್ಮಾಸನ ಇಲ್ದೆ ಹೆಂಗೆ ತಾಯಿ? ನಡೆದುಬಂದ ಪದ್ಧತಿ ಅಲ್ವಾ" ಎಂದರು. ಮೈದುನನಿಗೆ ಎದುರಾಡಬಹುದು, ಅಯ್ಯನವರಿಗೆ ಹೇಗೆ ಆಡಲಿ? ಆದರೂ ಕಾಲು ಬಿಡಲಿಲ್ಲ.

"ಬುದ್ಧಿ, ದಿನಾ ಬೆಳಿಗ್ಗೆ ಇವ್ರು ಕುರ್ಚೀಲಿ ಕೂತು, ಸ್ಟೂಲ್ ಮ್ಯಾಲೆ ಕಾಲು ಚಾಚ್ಕೊಂಡೇ ಲಿಂಗಪೂಜೆ ಮಾಡ್ತಿದ್ರು. ನೀವು ನಮ್ಮನೆಗೆ ಪ್ರಸಾದಕ್ಕೆ ಬಂದಾಗ ಕಣ್ಣಾರೆ ಕಂಡಿದ್ದೀರಿ. ಅಷ್ಟು ವರ್ಷದ ಪೂಜೆ ಶಿವಂಗೆ ಮುಟ್ಟಿಲ್ಲ ಅಂತ ನಿಮ್ಮ ಬಾಯಲ್ಲಿ ಏಳ್ಬುಡಿ. ಈಗ್ಲೇ ಕಾಲು ಬುಡ್ತೀನಿ."

ಅಯ್ಯನವರು ನನ್ನನ್ನು ನೋಡಿದರು, ಕಾಲನ್ನು ನೋಡಿದರು. ಗೋಡೆಯ ಕ್ಯಾಲೆಂಡರನ್ನೂ ನೋಡಿದರು, ಅಲ್ಲೇನೂ ಇರಲಿಲ್ಲ.

"ಎಡಗಾಲು ಮಡಚುತ್ತಲ್ಲ?" ಎಂದರು ಕೊನೆಗೆ.

"ಚೆನ್ನಾಗಿ ಮಡಚ್ತದೆ ಬುದ್ಧಿ."

"ಅರ್ಧ ಪದ್ಮಾಸನ ಅಂತ ಒಂದಿದೆ. ನಡೀತದೆ."

ಇದು ಎಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ಕೂತಲ್ಲಿಂದಲೇ ಅವರಿಗೆ ಶರಣು ಮಾಡಿದೆ.

ಆದರೆ ನಮ್ಮ ಹೊಲದಲ್ಲಿ ಸಮಾಧಿಯ ಗುಣಿ ಆಗಲೇ ತಯಾರಾಗಿತ್ತು. ಊರಿನಲ್ಲಿ ಗುಣಿ ತೋಡುವ ಕಂಠಪ್ಪ ಅದನ್ನು ಎಲ್ಲರಿಗೂ ತೋಡುವಂತೆ, ಚಕ್ಕಂಬಕ್ಕಳ ಕೂರಲು ಎಷ್ಟು ಬೇಕೋ ಅಷ್ಟಕ್ಕೇ ಚೌಕವಾಗಿ ತೋಡಿದ್ದ. ಚಾಚಿದ ಕಾಲಿಗೆ ಅಲ್ಲಿ ಜಾಗವೇ ಇಲ್ಲ. ಎಷ್ಟು ಉದ್ದ ತೆಗೆಯಲಿ ಎಂದು ಕೇಳಿ ಕಳಿಸಿದ. ನಂಜುಂಡೇಶ ಒಂದು ಅಳತೆ ಹೇಳಿದ, ಆಳುಗಳು ಇನ್ನೊಂದು ಹೇಳಿದರು. ಒಬ್ಬರಿಗೂ ಗೊತ್ತಿಲ್ಲ. ನಾನು ಕಾಲನ್ನು ಮೆಲ್ಲಗೆ ದಿಂಬಿನ ಮೇಲಿಟ್ಟು, ನಮ್ಮ ಓರಗಿತ್ತಿಯನ್ನು ಕಾವಲು ಕೂರಿಸಿ, ಹೊಲಕ್ಕೆ ನಡೆದೆ.

ಹೋದವಳೇ ಗುಣಿಗೆ ಇಳಿದೆ. ಹಿಂದೆ ಬಂದಿದ್ದ ನಂಜುಂಡೇಶ, "ಅತ್ಗೆ, ಎಂಗಸ್ರು ಅಲ್ಲಿಗಿಳಿಯಾದುಂಟಾ!" ಎಂದು ಕೂಗಿದ. ನಾನು ಗೋಡೆಗೆ ಬೆನ್ನು ಕೊಟ್ಟು ಕೂತು, ಎದುರಿನ ಮಣ್ಣಿಗೆ ತಾಗುವಷ್ಟು ಬಲಗಾಲು ಚಾಚಿದೆ. ಜಾಗ ಸಾಲದೆ ನನ್ನ ಮಂಡಿ ಇನ್ನೂ ಮೇಲೆದ್ದೇ ಇತ್ತು.

"ಇಲ್ಲಿ ಕೊರಿ ಕಂಠಪ್ಪ. ನನ್ನ ಕಾಲು ಪೂರಾ ನೀಡ್ಕೊಂಡ್ ಮ್ಯಾಲೆ ಅದರ ಮುಂದಕ್ಕೆ ಒಂದು ಗೇಣು. ಇವ್ರ ಕಾಲು ನಂದಕ್ಕಿಂತ ಅಷ್ಟು ಉದ್ದ."

ನನಗೆ ಮೇಲೆ ಹತ್ತಲು ಕೈಕೊಟ್ಟು, ಅವನು ಇಳಿದು ಕೊರೆದ. ಕಾಲಿಗೆ ಒಂದು ಸಣ್ಣ ಕಾಲುವೆ ತೆಗೆದಂತೆ ಆಯಿತು. ಗೇಣು ಹಾಕಿ ಅಳೆದು, ಸರಿಯಾಯಿತು ಎಂದು ನನ್ನ ಮುಖ ನೋಡಿದ.

"ಇನ್ನೊಂಚೂರು ತೆಗಿ" ಎಂದೆ.

"ಸರ್ಯಾಗದಲ್ಲವ್ವ."

"ಸಾಲಾಕಿಲ್ಲ ಕಣೋ. ನಿದ್ದೆ ಅತ್ತುದ್ ಮ್ಯಾಲೆ ಇವ್ರು ಕೆಳಕ್ಕೆ ಜಾರ್ತಾರೆ. ಬೆರಳು ತಗಲ್ತದೆ."

ಆಡಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನಂಜುಂಡೇಶ ಬೇರೆ ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕಂಠಪ್ಪ ಹಾರೆ ಎತ್ತಿಕೊಂಡ.

ಸಂಜೆಗೆ ಮುಂಚೆ ಇವರನ್ನು ಇಳಿಸಿದರು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ಎಡಗಾಲು ಮಡಚಿತ್ತು. ಬಲಗಾಲು ತನ್ನ ಜಾಗದಲ್ಲಿ ಹಾಯಾಗಿ ಚಾಚಿಕೊಂಡಿತ್ತು. ನಾನು ಬಗ್ಗಿ ನೋಡಿದೆ. ಬೆರಳಿಗೂ ಮಣ್ಣಿಗೂ ನಡುವೆ ಒಂದು ಅಂಗೈ ಅಗಲ ಬಿಡುವಿತ್ತು. ಆಗ ನನಗೆ ಅಳು ಬಂತು.