ಮಾವ ಹೂತ ಕತ್ತಿ

ಸರಿರಾತ್ರಿ ದಾಟಿದ ಮೇಲೆ ಅಂಗಳದಲ್ಲಿ ಕಲ್ಲಿಗೆ ಕಬ್ಬಿಣ ಉಜ್ಜಿದಂಥ ಸಣ್ಣ ಸದ್ದಾಯಿತು. ಅರಿಶತ್ ಎಚ್ಚರವಾಗಿಯೇ ಇದ್ದಳು. ಗಂಡ ತೀರಿಹೋದ ಮೇಲೆ ಉಳಿದಿದ್ದ ಒಬ್ಬನೇ ಮಗ ಬೋದೋನನ್ನು ರೋಮಿನವರು ಒತ್ತೆಯಾಳಾಗಿ ಹಡಗು ಹತ್ತಿಸಿದಂದಿನಿಂದ ಅವಳಿಗೆ ನಿದ್ದೆಯೆಂಬುದಿರಲಿಲ್ಲ. ಕಿಟಕಿಯಿಂದ ಇಣುಕಿದಳು. ಮಾವ ಅಬ್ದೆಶ್ಮುನ್ ದಾಳಿಂಬೆ ಗಿಡದ ಬುಡದ ಹಾಸುಗಲ್ಲು ಎತ್ತಿ, ಹರೆಯದಲ್ಲಿ ರೋಮಿನವರ ಮೇಲೆ ಬೀಸಿದ್ದ ಕತ್ತಿಯನ್ನು ಹೂಳುತ್ತಿದ್ದ.

ಕಾರ್ಥೇಜಿನ ಮನೆಮನೆಯ ಆಯುಧವನ್ನೂ ರೋಮಿನವರಿಗೆ ಒಪ್ಪಿಸಬೇಕು, ಒಂದನ್ನು ಬಚ್ಚಿಟ್ಟರೂ ಒತ್ತೆಯ ಮಕ್ಕಳು ಉಳಿಯುವುದಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

ಮಾವನ ಗೊರಕೆ ಕೇಳಿಸುವವರೆಗೆ ಕಾದು ಅವಳು ಕಲ್ಲೆತ್ತಿ ಕತ್ತಿ ತೆಗೆದು, ಮತ್ತೆ ಮುಚ್ಚಿದಳು. ಬೆಳಿಗ್ಗೆ ಬೀದಿಗೆ ಆಯುಧ ಒಯ್ಯುವ ಗಾಡಿ ಬಂದಾಗ, ಕತ್ತಿಯನ್ನು ಚಾಪೆಯಲ್ಲಿ ಸುತ್ತಿ ತಂದು ಗುರಾಣಿಗಳ ಅಡಿಗೆ ತಳ್ಳಿದಳು.

"ಇಷ್ಟೇನಾ ಅಕ್ಕ?" ಎಂದ ಗಾಡಿಯವನು. "ನಿಮ್ಮಾವನ ನಾಲಿಗೇನೂ ತಂದ್ಹಾಕು. ಅದೇನು ಕಮ್ಮಿ ಹರಿತವಾ?"

"ಮೆಲ್ಲಗೆ ಮಾತಾಡಪ್ಪ, ಮಲಗಿದ್ದಾರೆ."

"ಎಲ್ಲಾ ಕೊಟ್ಬಿಟ್ರೆ ಮಕ್ಳನ್ನ ವಾಪಸ್ ಕಳಿಸ್ತಾರಾ?"

"ಕಳಿಸ್ತಾರೆ ಅಂತಾರೆ."

"ಅಂತಾರೆ," ಎನ್ನುತ್ತ ಅವನು ಎತ್ತಿನ ಬೆನ್ನು ತಟ್ಟಿದ.

ಮಕ್ಕಳು ಬರಲಿಲ್ಲ. ಕೊನೆಯ ಗಾಡಿಯೂ ಊರು ಬಿಟ್ಟ ಮೇಲೆ ರೋಮಿನವರ ಇನ್ನೊಂದು ಅಪ್ಪಣೆ ಬಂತು. ಎಲ್ಲರೂ ಕಡಲು ಬಿಟ್ಟು ದೂರ ಹೋಗಿ ನೆಲೆಸಬೇಕು, ಊರನ್ನು ಕೆಡವಲಾಗುತ್ತದೆ. ಜನ ಹುಚ್ಚು ಹಿಡಿದವರಂತೆ ಓಡಾಡಿದರು. ಹೋಗುವುದಿಲ್ಲ ಎಂದು ಕೋಟೆಬಾಗಿಲು ಮುಚ್ಚಿದರು. ಹಿಡಿಯಲು ಆಯುಧವಿಲ್ಲದೆ ಗೋಡೆಯ ಮೇಲಕ್ಕೆ ಕಲ್ಲು ಹೊತ್ತರು.

ಅಬ್ದೆಶ್ಮುನ್ ಏದುಸಿರು ಬಿಡುತ್ತ ಮನೆಗೆ ಬಂದ. "ನೋಡು ತಾಯಿ, ನನ್ನನ್ನ ಅರಳುಮರಳು ಅಂತಿದ್ರಲ್ಲ. ಈ ಮನೇಲಿ ಒಂದು ಕತ್ತಿ ಇದೆ."

ಕಲ್ಲು ಸರಿಸಿ, ಮೊಣಕೈವರೆಗೆ ಮಣ್ಣಿಗೆ ಕೈಹಾಕಿ ತಡಕಿದ. ಮತ್ತೆ ತಡಕಿದ. ಅರಿಶತ್ ಕಂಬಕ್ಕೆ ಒರಗಿ ನಿಂತಿದ್ದಳು.

"ಯಾವನೋ ಕದ್ದಿದ್ದಾನೆ," ಎಂದ ಕೊನೆಗೆ. ಎದ್ದು ಕೈಯ ಮಣ್ಣು ಕೊಡವಿಕೊಂಡ. "ಕದೀಲಿ ಬಿಡು. ಕದ್ದೋನು ರೋಮಿನವರಿಗಂತೂ ಕೊಟ್ಟಿರಲ್ಲ. ಈಗ ಗೋಡೆ ಮೇಲೆ ಹಿಡ್ಕೊಂಡು ನಿಂತಿರ್ತಾನೆ, ಗಟ್ಟಿಗ. ಅಲ್ವಾ?"

ಮುದುಕನ ಮುಖದಲ್ಲಿ ಗೆಲುವಿತ್ತು. ಬೋದೋ ಹೋದಂದಿನಿಂದ ಅವಳು ಅದನ್ನು ಕಂಡಿರಲಿಲ್ಲ.

"ಹೌದು ಮಾವ," ಎಂದಳು. ಕತ್ತಿ ಎಲ್ಲಿಗೆ ಹೋಯಿತೆಂದು ಮಾವನಿಗಾಗಲಿ, ಇನ್ಯಾರಿಗಾಗಲಿ ಹೇಳಬಾರದು. ಮಗ ಒಂದು ದಿನ ಬಂದರೆ, ಅವನಿಗೂ.